ಮರಳು ಮರಳುವ ಸುದ್ದಿ ಎಲ್ಲಿ?

ಮುಂಗಾರು ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ನಮ್ಮ ಫೋನುಗಳಿಗೆ ಒಂದು ವಿಡಿಯೋ ಬಂದೇ ಬರುತ್ತದೆ. ಬೇರು ಹೊರಗೆ ಕಾಣುತ್ತಿರುವ ಒಂದು ತೆಂಗಿನಮರ, ಹಿಂದೆ ಹಂಚಿನ ಮನೆ, ಮುಂದೆ ಕೆಸರು ಬಣ್ಣದ ಅಲೆ. ಮರ ವಾಲುತ್ತದೆ, ಯಾರೋ ಕೂಗುತ್ತಾರೆ, ವಿಡಿಯೋ ಮುಗಿಯುತ್ತದೆ. ಮರುದಿನ ಪೇಪರಿನಲ್ಲಿ ಅದೇ ಚಿತ್ರ. ಮೇಲೆ ಕಡಲಬ್ಬರ, ರಕ್ಕಸ ಅಲೆ, ಕಡಲ ಒಡಲು ಅಂತ ಏನಾದರೊಂದು ತಲೆಬರಹ. ಒಂದು ವರ್ಷ ಉಳ್ಳಾಲ, ಒಂದು ವರ್ಷ ಮರವಂತೆ, ಮತ್ತೊಂದು ವರ್ಷ ಕಾರವಾರದ ಕಡೆಯ ಯಾವುದೋ ಊರು. ಊರಿನ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ಹೋದ ವರ್ಷದ್ದೇ.

ಸಿನಿಮಾ ಬಂದರೆ ವಿಮರ್ಶೆ ಬರೆಯುತ್ತೇವೆ, ಕಾದಂಬರಿ ಬಂದರೆ ಬರೆಯುತ್ತೇವೆ, ಹೊಸ ಹೋಟೆಲ್ಲಿನ ದೋಸೆಗೂ ಬರೆಯುತ್ತೇವೆ. ಆದರೆ ವರ್ಷಾ ವರ್ಷ ಲಕ್ಷಾಂತರ ಜನ ಓದುವ ಈ ಕಡಲ್ಕೊರೆತದ ಸುದ್ದಿಗೆ ಬರೆದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಇಲ್ಲಿ ಅದನ್ನೇ ಒಂದು ಕೃತಿ ಅಂದುಕೊಂಡು ಓದೋಣ. ಇದರ ಕಥೆ ಏನು, ನಾಯಕ ಯಾರು, ಖಳನಾಯಕ ಯಾರು, ಯಾವ ಪಾತ್ರವನ್ನು ಕಥೆಯಿಂದ ಹೊರಗಿಟ್ಟಿದ್ದಾರೆ?

ಮೊದಲೇ ಒಂದು ಮಾತು. ಈ ಸುದ್ದಿ ಬರೆಯುವವರು ಹೆಚ್ಚಾಗಿ ತಾಲೂಕು ಮಟ್ಟದ ವರದಿಗಾರರು. ನಾವು ಇಲ್ಲಿ ಕಾಫಿ ಕುಡಿಯುತ್ತಾ ವಿಡಿಯೋ ನೋಡುವಾಗ ಅವರು ಅಲ್ಲಿ ಬೈಕ್ ನಿಲ್ಲಿಸಿ ನೆನೆಯುತ್ತಾ ಫೋಟೋ ತೆಗೆಯುತ್ತಿರುತ್ತಾರೆ. ಅವರ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಸುದ್ದಿಯ ಅಚ್ಚಿನ ಬಗ್ಗೆ.

ಅಚ್ಚಿನಲ್ಲಿ ನಾಲ್ಕು ಅಂಕ. ಮೊದಲು ಅಲೆ. ಆಮೇಲೆ ಮನೆ ಕಳೆದುಕೊಂಡವರ ಕಣ್ಣೀರು. ಮೂರನೆಯದು ಶಾಸಕರ, ಅಧಿಕಾರಿಗಳ ಭೇಟಿ. ನಾಲ್ಕನೆಯದು ಕಲ್ಲು, ಅಂದರೆ ಇಷ್ಟು ಲಕ್ಷದ ತುರ್ತು ಕಾಮಗಾರಿ, ಇಷ್ಟು ಕೋಟಿಯ ಶಾಶ್ವತ ತಡೆಗೋಡೆ. ಮಳೆಗಾಲ ಮುಗಿದರೆ ಪರದೆ ಬೀಳುತ್ತದೆ. ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಏನಾಗಿದೆ ಅಂತ ಯಾರೂ ಬರೆಯುವುದಿಲ್ಲ. ಕಥೆಯ ಅರ್ಧ ಇರುವುದೇ ಅಕ್ಟೋಬರಿನಲ್ಲಿ.

ನಾನು ಬೆಳೆದದ್ದು ಕುಂದಾಪುರ ಸೀಮೆಯ ಕಡಲ ಬದಿಯ ಹಳ್ಳಿಯಲ್ಲಿ. ಅಲ್ಲಿನ ಮೀನುಗಾರ ಅಜ್ಜಂದಿರು ಹೊಯ್ಗೆಯ ವಿಷಯ ಬಂದರೆ ಹೇಳುತ್ತಿದ್ದದ್ದು ಇಷ್ಟೇ: "ಮಳಿಗಾಲ್ದಗೆ ತಕಂಡ್ ಹೋತ್ತ್, ದೀಪಾವಳಿ ಹತ್ರ ತಂದ್ ಹಾಕತ್ತ್." ಹೊಯ್ಗೆ ಅಂದರೆ ಮರಳು. ತಗೊಂಡು ಹೋಗುವುದೂ ಕಡಲೇ, ತಂದು ಹಾಕುವುದೂ ಕಡಲೇ. ಇದು ಬರೀ ಅಜ್ಜಂದಿರ ಮಾತಲ್ಲ, ಕರಾವಳಿ ಎಂಜಿನಿಯರಿಂಗ್ ಪಠ್ಯದ ಮೊದಲ ಪಾಠವೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎತ್ತರದ, ಒತ್ತೊತ್ತಾದ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತವೆ. ಆ ದಿಬ್ಬಕ್ಕೆ ಬಡಿದು ಮುಂದಿನ ಅಲೆಗಳ ಜೋರು ಕಡಿಮೆಯಾಗುತ್ತದೆ. ಅಂದರೆ ದಡ ತನ್ನದೇ ಮರಳಿನಿಂದ ತನಗೊಂದು ತಡೆ ಕಟ್ಟಿಕೊಂಡಂತಾಯಿತು. ಮಳೆಗಾಲ ಕಳೆದ ಮೇಲೆ ಬರುವ ಉದ್ದನೆಯ, ಮೆತ್ತನೆಯ ಅಲೆಗಳು ಅದೇ ಮರಳನ್ನು ಮೆಲ್ಲಗೆ ವಾಪಸ್ ತಳ್ಳುತ್ತವೆ. ಮರಳು ಮರಳುತ್ತದೆ.

ಹಾಗಾದರೆ ಜುಲೈನಲ್ಲಿ ದಡ ಕಿರಿದಾಗುವುದು ಸುದ್ದಿಯೇ ಅಲ್ಲ. ಹೋದ ಮರಳು ಡಿಸೆಂಬರಾದರೂ ಬರಲಿಲ್ಲ ಅನ್ನುವುದು ಸುದ್ದಿ. ಅದನ್ನು ಬರೆಯಬೇಕಾದರೆ ಡಿಸೆಂಬರಿನಲ್ಲಿ ಹೋಗಿ ನೋಡಬೇಕು. ಆಗ ಅಲ್ಲಿ ಬೀಳುವ ಮರ ಇರುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ.

ಈಗ ಭಾಷೆಗೆ ಬರೋಣ. ಕಡಲ್ಕೊರೆತ ಅನ್ನುವ ಪದದಲ್ಲೇ ಕರ್ತೃ ನಿಗದಿಯಾಗಿದ್ದಾನೆ. ಕಡಲು ಕೊರೆಯಿತು, ಕಡಲು ನುಂಗಿತು, ಕಡಲು ಮುನಿಯಿತು. ಎಲ್ಲ ವಾಕ್ಯದಲ್ಲೂ ಆರೋಪಿ ಒಬ್ಬನೇ, ಅವನು ಕೋರ್ಟಿಗೆ ಬರುವವನೂ ಅಲ್ಲ. ಆದರೆ ಕರಾವಳಿಯವರ ಬಾಯಲ್ಲಿ ಈ ನೆಲಕ್ಕೆ ಬೇರೆ ಪದಗಳಿವೆ. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳುಪಟ್ಟಿ ಬೆಂಗ್ರೆ. ಮಂಗಳೂರಿನ ತೋಟ ಬೆಂಗ್ರೆ, ಉಡುಪಿಯ ಕೋಡಿಬೆಂಗ್ರೆ ಹೆಸರಿನಲ್ಲೇ ಇದೆ. ಅಂಥ ಪಟ್ಟಿಯ ತುದಿ ಕೋಡಿ. ಹೊಳೆ ಕಡಲು ಸೇರುವ ಬಾಯಿ ಅಳಿವೆ. ಹೊಳೆ ನಡುವೆ ಮಣ್ಣು ಮರಳು ಸೇರಿ ಎದ್ದ ದ್ವೀಪ ಕುದ್ರು. ಈ ಪದಗಳು ಸೂಚಿಸುವ ಜಾಗಗಳೆಲ್ಲ ನಿಂತ ನೆಲವಲ್ಲ, ಬಂದು ಹೋಗುವ ನೆಲ. ಅಳಿವೆ ಜಾಗ ಬದಲಿಸುತ್ತದೆ, ಬೆಂಗ್ರೆ ಬೆಳೆಯುತ್ತದೆ, ಕರಗುತ್ತದೆ. ಈ ನೆಲ ಅಲ್ಲಾಡುತ್ತದೆ ಅಂತ ಗೊತ್ತಿದ್ದವರು ಇಟ್ಟ ಹೆಸರುಗಳಿವು. ಸುದ್ದಿಯ ಭಾಷೆ ಇವನ್ನೆಲ್ಲ ಬರೀ ವಿಳಾಸ ಮಾಡಿ, ವಿಷಯಕ್ಕೆ ಮಾತ್ರ ಒಂದೇ ಪದ ಉಳಿಸಿಕೊಂಡಿತು.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಮರುದಿನ ಎಲ್ಲರೂ ಕೂತು ಮೂಲ ಕಾರಣ ಹುಡುಕುತ್ತೇವೆ. "ಟ್ರಾಫಿಕ್ ಜಾಸ್ತಿಯಾಯಿತು, ಸರ್ವರ್ ಬಿತ್ತು" ಅಂತ ಬರೆದು ಕೊಟ್ಟರೆ ಮ್ಯಾನೇಜರ್ ಒಪ್ಪುವುದಿಲ್ಲ. ಟ್ರಾಫಿಕ್ ಪ್ರತಿ ಹಬ್ಬಕ್ಕೂ ಜಾಸ್ತಿಯಾಗುತ್ತದೆ, ಈ ಸಲ ಮಾತ್ರ ಯಾಕೆ ಬಿತ್ತು ಅಂತ ಕೇಳುತ್ತಾರೆ. ಮುಂಗಾರಿನ ಅಲೆಯೂ ಪ್ರತಿ ವರ್ಷ ಬರುತ್ತದೆ. ಈ ಊರಿನಲ್ಲೇ, ಈ ವರ್ಷವೇ ಮನೆ ಯಾಕೆ ಬಿತ್ತು ಅನ್ನುವುದಕ್ಕೆ "ಅಲೆ ಬಂತು" ಅನ್ನುವುದು ಉತ್ತರವಲ್ಲ.

ಉತ್ತರ ಬೇಕಾದರೆ ಮರಳಿನ ಲೆಕ್ಕ ನೋಡಬೇಕು. ದಡ ಅಂದರೆ ಬ್ಯಾಂಕಿನ ಖಾತೆ ಇದ್ದ ಹಾಗೆ. ಹೊಳೆಗಳು ಘಟ್ಟದಿಂದ ತರುವ ಮರಳು ಜಮೆ. ಅಲೆಗಳು ಓರೆಯಾಗಿ ಬಡಿದು ದಡದುದ್ದಕ್ಕೂ ತಳ್ಳಿಕೊಂಡು ಹೋಗುವ ಮರಳು ಒಂದು ಊರಿಗೆ ಖರ್ಚು, ಪಕ್ಕದ ಊರಿಗೆ ಜಮೆ. ಜಮೆ ನಿಂತು ಖರ್ಚು ಮುಂದುವರಿದರೆ ಖಾತೆ ಬರಿದಾಗುತ್ತದೆ. ಹಾಗಾದರೆ ಜಮೆ ನಿಲ್ಲಿಸಿದ್ದು ಯಾರು?

ತಮಾಷೆ ಏನೆಂದರೆ ಇದಕ್ಕೆ ಉತ್ತರವೂ ಅದೇ ಪೇಪರಿನಲ್ಲಿ ಬರುತ್ತದೆ, ಬೇರೆ ಬೇರೆ ಪುಟದಲ್ಲಿ. ಅಪರಾಧದ ಪುಟದಲ್ಲಿ: ಅಕ್ರಮ ಮರಳು ಸಾಗಾಟ, ಲಾರಿ ವಶ. ಜಿಲ್ಲಾ ಪುಟದಲ್ಲಿ: ದೋಣಿ ಓಡಾಟಕ್ಕೆ ಅಡ್ಡಿಯಾದ ಮರಳು ದಿಬ್ಬ ತೆರವಿಗೆ ಅನುಮತಿ. ಅಭಿವೃದ್ಧಿಯ ಪುಟದಲ್ಲಿ: ಬಂದರಿನ ಬ್ರೇಕ್‌ವಾಟರ್ ಕಾಮಗಾರಿಗೆ ಶಂಕುಸ್ಥಾಪನೆ. ವಿದ್ಯುತ್ತಿನ, ಕುಡಿಯುವ ನೀರಿನ ಸುದ್ದಿಯಲ್ಲಿ: ಅಣೆಕಟ್ಟು ತುಂಬಿದೆ. ಕೊನೆಗೆ ಮುಖಪುಟದಲ್ಲಿ: ಕಡಲ ಅಬ್ಬರ. ಐದೂ ಕಡೆ ಇರುವುದು ಅದೇ ಮರಳು. ಒಬ್ಬ ಸಂಪಾದಕರೂ ಐದನ್ನು ಒಂದೇ ಮೇಜಿನ ಮೇಲೆ ಇಟ್ಟು ಕೂಡಿಸಿ ಕಳೆಯುವುದಿಲ್ಲ. ಈ ಸುದ್ದಿ ಪ್ರಕಾರದ ದೊಡ್ಡ ದೋಷ ನನಗೆ ಕಾಣುವುದು ಇಲ್ಲಿ.

ಉಳ್ಳಾಲವನ್ನೇ ನೋಡಿ. ನೇತ್ರಾವತಿ, ಗುರುಪುರ ಹೊಳೆಗಳು ಜೊತೆಯಾಗಿ ಕಡಲು ಸೇರುವ ಅಳಿವೆಯ ಬಡಗು ಬದಿಗೆ ಬೆಂಗ್ರೆ, ತೆಂಕು ಬದಿಗೆ ಉಳ್ಳಾಲ. ಹಳೇ ಬಂದರಿಗೆ ಬೋಟುಗಳು ಸಲೀಸಾಗಿ ಬರಲಿ ಅಂತ ಅಳಿವೆಯ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ಬೋಟಿಗೆ ಅನುಕೂಲವಾಯಿತು, ಅದು ನಿಜ. ಆದರೆ ಕಡಲೊಳಗೆ ಅಡ್ಡಕ್ಕೆ ಚಾಚಿದ ಕಲ್ಲು ಅಲೆಯನ್ನು ತಡೆಯುವ ಹಾಗೇ ಮರಳಿನ ಓಡಾಟವನ್ನೂ ತಡೆಯುತ್ತದೆ. ಒಂದು ಬದಿಗೆ ಮರಳು ಬಿತ್ತು, ಇನ್ನೊಂದು ಬದಿ ಸವೆಯಿತು. ಸವೆದ ಬದಿಯವರು ಉಳ್ಳಾಲದ ಮೀನುಗಾರರು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ 2010ರಲ್ಲಿ ಮಂಜೂರಾಗಿ, ಉಳ್ಳಾಲದ ಕಡಲೊಳಗೆ ಮುಳುಗು ದಿಬ್ಬ, ದಡದಲ್ಲಿ ಕಲ್ಲಿನ ಕಾಮಗಾರಿ ಎಲ್ಲ ಆಯಿತು. ಈಗ ಮಳೆಗಾಲದ ಸುದ್ದಿಯಲ್ಲಿ ಉಳ್ಳಾಲದ ತೆಂಕಿನ ಸೋಮೇಶ್ವರ, ಉಚ್ಚಿಲ, ಬಟ್ಟಪಾಡಿಯ ಹೆಸರುಗಳು ಬರುತ್ತಿವೆ. ವರದಿ ಇವನ್ನೆಲ್ಲ ಒಂದೊಂದೂ ಹೊಸ ದುರಂತ ಅನ್ನುವ ಹಾಗೆ ಬರೆಯುತ್ತದೆ. ಪಕ್ಕದಲ್ಲಿ ಏನು ಕಟ್ಟಿದ್ದರು ಅನ್ನುವ ಒಂದು ಸಾಲು ಇರುವುದಿಲ್ಲ.

ಇದು ನಮ್ಮ ಕರಾವಳಿಯ ವಿಶೇಷವೇನಲ್ಲ. ಚೆನ್ನೈನ ಮರೀನಾ ಬೀಚ್ ಅಷ್ಟು ಅಗಲ ಆದದ್ದು 19ನೇ ಶತಮಾನದಲ್ಲಿ ಬಂದರು ಕಟ್ಟಿದ ಮೇಲೆ, ಅದರ ತೆಂಕು ಬದಿಗೆ ಮರಳು ನಿಂತದ್ದರಿಂದ. ಬಡಗಿನ ರಾಯಪುರಂ ಕಡೆ ದಡ ಸವೆಯುತ್ತಾ ಹೋಯಿತು. ಮರೀನಾದಲ್ಲಿ ಸುಂಡಲ್ ತಿಂದು ಸೆಲ್ಫಿ ತೆಗೆದವರಿಗೆ ರಾಯಪುರಂ ನೆನಪಾಗುವುದಿಲ್ಲ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಬ್ರೇಕ್‌ವಾಟರ್ ಆಯಿತು. ಆಮೇಲೆ ಊರಿನ ಮುಂದಿನ ಮರಳದಂಡೆಯೇ ಮಾಯವಾಗಿ ಕಲ್ಲುರಾಶಿ ಉಳಿಯಿತು. ಎರಡೂ ಕಡೆ ಕಡಲು ಮೊದಲಿನ ಕಡಲೇ.

ಸುದ್ದಿಯ ನಾಲ್ಕನೇ ಅಂಕವಾದ ಕಲ್ಲಿನ ವಿಷಯ. ಲಾರಿಯಲ್ಲಿ ಬಂಡೆ ತಂದು ಸುರಿದರೆ ಏನೋ ಆಯಿತು ಅಂತ ಕಾಣುತ್ತದೆ, ಫೋಟೋಗೂ ಸಿಗುತ್ತದೆ. ಆದರೆ ಇಳಿಜಾರು ಮರಳದಂಡೆ ಮೇಲೆ ಹತ್ತಿದ ಅಲೆ ದಣಿದು, ಅರ್ಧ ನೀರು ಮರಳಿನೊಳಗೆ ಇಂಗಿ, ತಂದದ್ದರಲ್ಲಿ ಒಂದಿಷ್ಟು ಬಿಟ್ಟು ಹೋಗುತ್ತದೆ. ಕಡಿದಾದ ಕಲ್ಲಿಗೆ ಬಡಿದ ಅಲೆ ಹಾಗೇ ವಾಪಸ್ ಚಿಮ್ಮುತ್ತದೆ, ಹೋಗುವಾಗ ಗೋಡೆಯ ಬುಡದ ಮರಳು ಕೆದಕಿಕೊಂಡು ಹೋಗುತ್ತದೆ. ಬುಡ ಟೊಳ್ಳಾದರೆ ಬಂಡೆ ಕುಸಿಯುತ್ತದೆ, ಮೇಲೆ ಮತ್ತೆ ಬಂಡೆ ಬೇಕು. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಮನೆಯವರ ಹಿತ್ತಲಿಗೆ ನುಗ್ಗುತ್ತದೆ. ಮುಂದಿನ ವರ್ಷ ಅವರೂ ಗೋಡೆ ಕೇಳುತ್ತಾರೆ. ಒಂದು ಕಡೆಯ ಬಗ್ ಮುಚ್ಚಿ ಪಕ್ಕದ ಟೀಮಿಗೆ ತಳ್ಳುವ ಕೆಲಸ ಇದು. ನಮ್ಮಲ್ಲಿ ಅದನ್ನು ಫಿಕ್ಸ್ ಅನ್ನುವುದಿಲ್ಲ.

ಗೋಡೆಯಿಂದ ಹೋಗುವುದು ಮರಳು ಮಾತ್ರವಲ್ಲ. ಬೆಂಗಳೂರಿನಿಂದ ವೀಕೆಂಡಿಗೆ ಹೋಗುವ ನಮಗೆ ಬೀಚ್ ಅಂದರೆ ಕಾಲು ಚಾಚುವ ಜಾಗ. ಅಲ್ಲಿಯವರಿಗೆ ಅದು ಕೆಲಸದ ಜಾಗ. ನಾಡದೋಣಿ ಎಳೆದು ನಿಲ್ಲಿಸುವುದು ಅಲ್ಲಿ. ಕೈರಂಪಣಿ ಬಲೆಯನ್ನು ಎರಡು ಸಾಲಿನಲ್ಲಿ ನಿಂತು ದಡಕ್ಕೆ ಎಳೆಯುವುದು ಅಲ್ಲಿ. ಮೀನು ಒಣಗಿಸುವುದು, ಬಲೆ ಹರಡಿ ತೇಪೆ ಹಾಕುವುದು ಎಲ್ಲ ಅಲ್ಲೇ. ಬಂಡೆ ರಾಶಿಯ ಮೇಲೆ ಇದ್ಯಾವುದೂ ಆಗುವುದಿಲ್ಲ. ಮನೆ ಉಳಿಸುವ ಗೋಡೆ ಕಸುಬು ಕಳೆಯುತ್ತದೆ. ಸುದ್ದಿಯಲ್ಲಿ ಬಿದ್ದ ಮನೆಗಳ ಸಂಖ್ಯೆ ಇರುತ್ತದೆ, ನಿಂತ ಕಸುಬಿನ ಲೆಕ್ಕ ಇರುವುದಿಲ್ಲ.

ಇತ್ತೀಚೆಗೆ ಈ ಕಥೆಗೆ ಹೊಸ ಖಳನಾಯಕ ಬಂದಿದ್ದಾನೆ: ಹವಾಮಾನ ಬದಲಾವಣೆ. ಅದು ಸುಳ್ಳಲ್ಲ. 1901ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ, ಏರುವ ವೇಗವೂ ಹೆಚ್ಚುತ್ತಿದೆ. ಮುಂದಿನ ದಿನಗಳಲ್ಲಿ ಇದೇ ದೊಡ್ಡ ಕಾರಣ ಆಗಬಹುದು. ಆದರೆ ಏರಿದ ಕಡಲು ಐದು ಕಿಲೋಮೀಟರ್ ಅಂತರದ ಎರಡು ಊರಿಗೂ ಒಂದೇ. ಒಂದು ಊರಿನ ದಡ ಸವೆದು ಪಕ್ಕದ್ದು ಬೆಳೆದರೆ ಕಾರಣ ಊರಿನ ಹತ್ತಿರದಲ್ಲೇ ಇರಬೇಕು. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ಹಿಡಿದು ದೇಶದ ಮುಖ್ಯ ಭೂಭಾಗದ ದಡವನ್ನು ಅಳೆದಿದೆ. ಅದರ ಪ್ರಕಾರ ಶೇ 33.6ರಷ್ಟು ದಡ ಸವೆಯುತ್ತಿದೆ, ಶೇ 26.9ರಷ್ಟು ಬೆಳೆಯುತ್ತಿದೆ, ಉಳಿದದ್ದು ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ಕರ್ನಾಟಕದಲ್ಲಿ 313 ಕಿಲೋಮೀಟರಿನಲ್ಲಿ ಸುಮಾರು 74 ಕಿಲೋಮೀಟರ್, ಅಂದರೆ ಶೇ 23.7ರಷ್ಟು ಸವೆತ. ಕೇರಳದಲ್ಲಿ ಶೇ 46.4. ಬೆಳೆಯುತ್ತಿರುವ ಆ ಕಾಲು ಭಾಗದ ಬಗ್ಗೆ ಯಾವತ್ತಾದರೂ ಸುದ್ದಿ ಓದಿದ್ದೀರಾ? ಜಗತ್ತಿನ ಹವಾಮಾನದ ಮೇಲೆ ತಪ್ಪು ಹೊರಿಸಿದರೆ ಸ್ಥಳೀಯ ಕಡತ ಯಾವುದನ್ನೂ ಬಿಚ್ಚಬೇಕಾಗಿಲ್ಲ. ರಕ್ಕಸ ಅಲೆ ಮಾಡುತ್ತಿದ್ದ ಕೆಲಸವನ್ನೇ ಈ ಪದವೂ ಮಾಡುತ್ತಿದೆ.

ಹಾಗಂತ ಕಲ್ಲು ಕೇಳುವವರನ್ನು ದಡ್ಡರು ಅನ್ನುವ ಹಕ್ಕು ನಮಗಿಲ್ಲ. ಇವತ್ತು ರಾತ್ರಿಯ ಉಬ್ಬರಕ್ಕೆ ಅಡುಗೆಮನೆ ಹೋಗುತ್ತದೆ ಅನ್ನುವವರಿಗೆ ಮರಳಿನ ಲೆಕ್ಕ ಪಾಠ ಮಾಡಿದರೆ ಅವರು ಬೈದು ಕಳಿಸುತ್ತಾರೆ, ಬೈಯಬೇಕು ಕೂಡ. ಕಲ್ಲು ಬಿಟ್ಟರೆ ಅವರ ಮುಂದೆ ಬೇರೆ ಏನನ್ನು ಇಟ್ಟಿದ್ದೇವೆ? ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಮಾಡಿದ 12 ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಇತ್ತು, ಬರ ಇತ್ತು, ಆಲಿಕಲ್ಲು ಇತ್ತು, ಕೀಟಬಾಧೆಯೂ ಇತ್ತು. ಕಡಲ್ಕೊರೆತ ಇರಲಿಲ್ಲ. ಮನೆ ಬಿದ್ದರೆ ಏನಾದರೂ ಸಿಗಬಹುದು, ಮನೆಯಡಿಯ ನೆಲವೇ ಹೋದರೆ? ಪಹಣಿಯಲ್ಲಿ ಐದು ಸೆಂಟ್ಸ್ ಅಂತ ಬರೆದಿರುತ್ತದೆ, ಹೋಗಿ ನೋಡಿದರೆ ನೀರು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸವೆತ ತಡೆಯಲು 1,500 ಕೋಟಿ, ಸವೆತದಿಂದ ನೆಲೆ ಕಳೆದುಕೊಂಡವರ ಮರುವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಹೊಳೆ ದಂಡೆ, ಕಡಲ ದಂಡೆ ಎರಡೂ ಸೇರಿ, ಇಡೀ ದೇಶಕ್ಕೆ. ನಮ್ಮ ಕರಾವಳಿಗೆ ಅದರಲ್ಲಿ ಎಷ್ಟು ಬಂತು, ಯಾವ ಕುಟುಂಬಕ್ಕೆ ಹೋಯಿತು ಅಂತ ಬೆನ್ನು ಹತ್ತುವುದು ವರದಿಗಾರಿಕೆಯ ಕೆಲಸ. ಜೂನ್‌ನ ಅಚ್ಚಿನಲ್ಲಿ ಅದಕ್ಕೆ ಜಾಗ ಇಲ್ಲ.

ಕಾನೂನಿನ ಗೆರೆಯದ್ದೂ ಇದೇ ಕಥೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಹಳ್ಳಿಗಳ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ಬಿಗಿ ಇತ್ತು. 2019ರ ಅಧಿಸೂಚನೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಮನೆ ರಿಪೇರಿಗೂ ಅಲೆದಾಡುತ್ತಿದ್ದ ಸ್ಥಳೀಯರಿಗೆ ಇದರಿಂದ ಅನುಕೂಲ ಆಯಿತು, ಅದನ್ನು ಒಪ್ಪಬೇಕು. ಆದರೆ ಕಡಲು ಹತ್ತಿರ ಬರುತ್ತಿರುವಾಗ ನಾವೂ ಕಡಲಿಗೆ 150 ಮೀಟರ್ ಹತ್ತಿರ ಹೋದೆವು. ಎರಡೂ ಸೇರಿದರೆ ಏನಾಗುತ್ತದೆ ಅಂತ ಊಹಿಸಲು ಬಿಇ ಬೇಕಾಗಿಲ್ಲ.

ಹಾಗಾದರೆ ಒಳ್ಳೆಯ ಕಡಲ್ಕೊರೆತದ ಸುದ್ದಿ ಹೇಗಿರಬೇಕು? ಮೂರು ವಿಷಯ ಸಾಕು ಅಂತ ನನಗನಿಸುತ್ತದೆ.

ಒಂದು, ಅಳತೆ. ಅದೇ ದಡ, ಅದೇ ತೆಂಗಿನಮರದಿಂದ ನೀರಿಗೆ ಎಷ್ಟು ದೂರ ಅಂತ ಜೂನ್‌ನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. ಟೇಪ್ ಹಿಡಿದು ಶಾಲೆಯ ಮಕ್ಕಳೂ ಮಾಡಬಹುದು. ಐದು ವರ್ಷ ಹೀಗೆ ಬರೆದಿಟ್ಟರೆ ಯಾವುದು ಋತುವಿನ ಏರಿಳಿತ, ಯಾವುದು ವಾಪಸ್ ಬಾರದ ನಷ್ಟ ಅಂತ ಊರಿಗೇ ಗೊತ್ತಾಗುತ್ತದೆ. ಆಗ ಎಲ್ಲಿ ಕಾಯಬಹುದು, ಎಲ್ಲಿ ಕಾಯಬಾರದು ಅನ್ನುವುದೂ ಗೊತ್ತಾಗುತ್ತದೆ.

ಎರಡು, ನೆರೆಹೊರೆ. ಅಳಿವೆ ಎಷ್ಟು ದೂರ, ಅಲ್ಲಿ ಏನು ಕಟ್ಟಿದ್ದಾರೆ, ಹೊಳೆಯಿಂದ ಎಷ್ಟು ಮರಳು ತೆಗೆಯಲು ಪರ್ಮಿಟ್ ಕೊಟ್ಟಿದ್ದಾರೆ, ಹೊಸ ಗೋಡೆ ಎಲ್ಲಿಗೆ ಮುಗಿಯುತ್ತದೆ, ಮುಗಿದ ಜಾಗದ ಮನೆ ಯಾರದ್ದು? ಮರಳಿನ ಲಾರಿಯ ಸುದ್ದಿಯನ್ನೂ ಬಿದ್ದ ಮನೆಯ ಸುದ್ದಿಯನ್ನೂ ಒಂದೇ ಪುಟದಲ್ಲಿ ಹಾಕಿದರೆ ಅರ್ಧ ಕೆಲಸ ಆದಂತೆ.

ಮೂರು, ಕಲ್ಲಲ್ಲದ ದಾರಿಗಳು. ಆಸ್ಟ್ರೇಲಿಯಾದ ಟ್ವೀಡ್ ನದಿಯ ಬಾಯಲ್ಲಿ ಕಲ್ಲುಗೋಡೆಯ ಒಂದು ಬದಿಗೆ ನಿಂತ ಮರಳನ್ನು ಪಂಪ್ ಮಾಡಿ ಇನ್ನೊಂದು ಬದಿಗೆ ದಾಟಿಸುವ ವ್ಯವಸ್ಥೆ 2001ರಿಂದ ನಡೆಯುತ್ತಿದೆ. ಅಷ್ಟು ದೂರ ಬೇಡ, ವಿಶಾಖಪಟ್ಟಣದಲ್ಲಿ ಬಂದರಿನ ಹೂಳೆತ್ತಿದ ಮರಳನ್ನು ಆರ್‌ಕೆ ಬೀಚಿಗೆ ತುಂಬುತ್ತಾರೆ. ಪುದುಚೇರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಉಕ್ಕಿನ ರೀಫ್ ಇಟ್ಟ ಮೇಲೆ ಹೋದ ಮರಳದಂಡೆಯಲ್ಲಿ ಒಂದಿಷ್ಟು ಮರಳಿ ಬಂತು. ಇವು ಅಗ್ಗದ ಕೆಲಸಗಳಲ್ಲ, ಒಂದು ಸಲ ಮಾಡಿ ರಿಬ್ಬನ್ ಕತ್ತರಿಸಿ ಬರುವಂಥವೂ ಅಲ್ಲ, ವರ್ಷಾ ವರ್ಷ ನಡೆಸಬೇಕು. ಇನ್ನು ಅಗ್ಗದ್ದೂ ಇದೆ. ದಡದ ಮರಳುಗುಡ್ಡೆಯ ಮೇಲೆ ತಾನಾಗಿ ಹಬ್ಬುವ, ನೇರಳೆ ಹೂ ಬಿಡುವ, ಎಲೆ ನಡುವೆ ಸೀಳಿದ ಆ ಬಳ್ಳಿ ನೋಡಿರುತ್ತೀರಿ. ಅದು ಗಾಳಿಗೆ ಹಾರುವ ಮರಳನ್ನು ಹಿಡಿದು ಗುಡ್ಡೆ ಬೆಳೆಸುತ್ತದೆ. ರೆಸಾರ್ಟಿಗೆ "ಸೀ ವ್ಯೂ" ಬೇಕು ಅಂತ ಆ ಗುಡ್ಡೆ ಮಟ್ಟ ಮಾಡುವುದನ್ನು ನಿಲ್ಲಿಸಿದರೂ ಸಾಕು. ಅಳಿವೆಯ ಒಳಗಿನ ಕಾಂಡ್ಲಾ ಗಿಡಗಳದ್ದೂ ಇದೇ ಕೆಲಸ, ಅಲ್ಲಿ ಕೆಸರು, ಇಲ್ಲಿ ಮರಳು.

ಇದರಲ್ಲಿ ನಮ್ಮ ಪಾತ್ರ ಏನು ಅಂತ ಕೇಳಬಹುದು. ನಾವು ಈ ಸುದ್ದಿಯ ಗಿರಾಕಿಗಳು. ಹತ್ತು ಸೆಕೆಂಡಿನ ಮರ ಬೀಳುವ ವಿಡಿಯೋವನ್ನು ಮೂರು ಗ್ರೂಪಿಗೆ ಕಳಿಸುವವರು ನಾವೇ ಆದ್ದರಿಂದ ಅಚ್ಚು ಬದಲಾಗುವುದಿಲ್ಲ. ಫ್ಲ್ಯಾಟಿನ ಗೋಡೆಗೆ ಹೊಳೆಯ ಮರಳೇ ಬೇಕು, ಎಂ-ಸ್ಯಾಂಡ್ ಬೇಡ ಅಂತ ಬಿಲ್ಡರ್ ಹತ್ತಿರ ಹಟ ಹಿಡಿಯುವವರೂ ನಮ್ಮಲ್ಲೇ ಇದ್ದಾರೆ. ಮರವಂತೆಯಲ್ಲಿ ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕಾ ನೋಡಿ, ಹೆದ್ದಾರಿ 66ರ ಬದಿಗೆ ಕಾರು ನಿಲ್ಲಿಸಿ ಫೋಟೋ ಹಾಕುತ್ತೇವೆ. ಚೌಕಟ್ಟಿನಿಂದ ಹೊರಗಿಡುವುದು ದಡದಿಂದ ಕಡಲಿಗೆ ಚಾಚಿದ ಕಲ್ಲಿನ ದಿಂಡುಗಳನ್ನು. ಆ ಫೋಟೋದ ಮುಖ್ಯ ವಿಷಯವೇ ಅವು. ಆ ರಸ್ತೆ ಉಳಿಯಬೇಕಾದರೆ ಅಲ್ಲಿ ಎಷ್ಟು ಕಲ್ಲು ಬೇಕಾಗಿದೆ ಅಂತ ಅವು ಹೇಳುತ್ತವೆ.

ಈ ಅಕ್ಟೋಬರ್ ರಜೆಗೆ ಕರಾವಳಿಗೆ ಹೊರಟವರು ಜೂನ್‌ನಲ್ಲಿ ಸುದ್ದಿಯಾದ ಒಂದು ಊರಿಗೆ ಹೋಗಿ ಬನ್ನಿ. ಮರಳು ವಾಪಸ್ ಬಂದಿದೆಯಾ, ಕಲ್ಲು ಎಷ್ಟು ಕುಸಿದಿದೆ, ಗೋಡೆಯ ತುದಿಯ ಮನೆಯವರು ಏನು ಹೇಳುತ್ತಾರೆ ಅಂತ ಒಂದು ಫೋಟೋ, ನಾಲ್ಕು ಸಾಲು ಬರೆದು ಹಾಕಿ. ಪೇಪರಿನವರಿಗೂ ಕಳಿಸಿ. ಹಾಕಿದರೆ ಸಂತೋಷ, ಹಾಕದಿದ್ದರೆ ಯಾಕೆ ಅಂತ ಕೇಳಿ.